ಹೆಮಿಸ್ ತ್ಸೆಚು ಮುಖವಾಡ ನೃತ್ಯ: ಎರಡು ದಿನವೂ ಬೇಕಾ, ಎಲ್ಲಿ ಕೂರಬೇಕು, ಏನನ್ನು ನೋಡಬೇಕು?

ಶರಾವತಿ ತೀರ (ಪ್ರಶ್ನೆ)

ಲಡಾಖಿನ ಹೆಮಿಸ್ ಗೊಂಪಾದ (ಬೌದ್ಧ ಮಠದ) ತ್ಸೆಚು ಹಬ್ಬಕ್ಕೆ ಹೋಗಬೇಕೆಂದಿದ್ದೇವೆ. ನಾನು, ತಂಗಿ, ಅಮ್ಮ, ಮೂವರು. ಅಮ್ಮನಿಗೆ 62 ವರ್ಷ, ಬಿಪಿ ಮಾತ್ರೆ ತಗೊಳ್ತಾರೆ, ಮಂಡಿ ಸ್ವಲ್ಪ ನೋವು, ಉಳಿದಂತೆ ಗಟ್ಟಿಯಾಗಿದ್ದಾರೆ. ವಿಚಾರಿಸಿದ ಪ್ಯಾಕೇಜ್ ಏಳು ದಿನದ್ದು. ಲೇಹ್‌ಗೆ ಇಳಿದ ಮರುದಿನವೇ ಖರ್ದುಂಗ್ ಲಾ ದಾಟಿ ನುಬ್ರಾ, ಅಲ್ಲಿಂದ ಪಾಂಗಾಂಗ್, ಕೊನೆಯಲ್ಲಿ "ಹೆಮಿಸ್ ಹಬ್ಬ, ಅರ್ಧ ದಿನ". ನಮಗೆ ಮುಖ್ಯ ಹಬ್ಬವೇ. ಸರೋವರ ನೋಡದಿದ್ದರೂ ಬೇಸರವಿಲ್ಲ.

ಗೊತ್ತಿರುವವರು ತಿಳಿಸಿ: ದಿನಾಂಕ ಹೇಗೆ ಹಿಡಿಯೋದು? ಎರಡು ದಿನವೂ ಕೂರಬೇಕಾ, ಒಂದು ದಿನ ಸಾಕಾ? ಅಮ್ಮನನ್ನು ಕೂರಿಸೋಕೆ ಜಾಗ ಸಿಗುತ್ತಾ? ಮುಖವಾಡಗಳಲ್ಲಿ ಯಾರು ಯಾರು ಅಂತ ಮೊದಲೇ ಸ್ವಲ್ಪ ತಿಳಿದುಕೊಂಡು ಹೋಗಬೇಕು ಅನ್ನೋ ಆಸೆ. ಫೋಟೋ ಬಗ್ಗೆಯೂ ಹೇಳಿ.

ಹಿಮದ ದಾರಿ

ಆ ಪ್ಯಾಕೇಜನ್ನು ಬಿಟ್ಟುಬಿಡಿ. ಹಬ್ಬದ ತಿಥಿ ನಮ್ಮ ಕೈಯಲ್ಲಿಲ್ಲ, ಉಳಿದದ್ದೆಲ್ಲ ಇದೆ. ಹಾಗಾಗಿ ಹಬ್ಬವನ್ನು ನಡುವೆ ಇಟ್ಟುಕೊಂಡು ಅದರ ಹಿಂದೆ ಮುಂದೆ ದಿನ ಜೋಡಿಸಿ.

ಟಿಬೆಟನ್ ಪಂಚಾಂಗದ ಐದನೇ ತಿಂಗಳ ಹತ್ತು ಮತ್ತು ಹನ್ನೊಂದನೇ ದಿನ ಹೆಮಿಸ್ ತ್ಸೆಚು. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿವರ್ಷ ಹತ್ತು ಹನ್ನೆರಡು ದಿನ ಹಿಂದಕ್ಕೆ ಸರಿಯುತ್ತೆ. ನಮ್ಮ ಅಧಿಕ ಮಾಸದ ಹಾಗೆ ಅವರಲ್ಲೂ ಒಂದು ತಿಂಗಳು ಹೆಚ್ಚಿಗೆ ಸೇರಿದ ವರ್ಷ ಒಮ್ಮೆಲೇ ಮುಂದಕ್ಕೆ ಹೋಗುತ್ತೆ. 2023ರಲ್ಲಿ ಜೂನ್ 28-29, 2024ರಲ್ಲಿ ಜೂನ್ 16-17, 2025ರಲ್ಲಿ ಜುಲೈ 5-6 ಬಂದಿತ್ತು. ಅಂದಾಜಿನ ಮೇಲೆ ವಿಮಾನ ಬುಕ್ ಮಾಡಬೇಡಿ. ಲಡಾಖ್ ಪ್ರವಾಸೋದ್ಯಮ ಇಲಾಖೆ ಆಯಾ ವರ್ಷದ ಗೊಂಪಾ ಹಬ್ಬಗಳ ಪಟ್ಟಿ ಹೊರಡಿಸುತ್ತೆ. ಅದನ್ನು ಲೇಹ್‌ನಲ್ಲಿ ನೀವು ಉಳಿಯುವ ಗೆಸ್ಟ್‌ಹೌಸಿನವರ ಹತ್ತಿರ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಅಂತರ್ಜಾಲದ ಪ್ರವಾಸ ಪುಟಗಳಲ್ಲಿ ಹಿಂದಿನ ವರ್ಷದ ತಾರೀಖಿಗೆ ಹೊಸ ಇಸವಿ ಅಂಟಿಸಿರೋದು ಸಾಮಾನ್ಯ. ಜನ ಮೋಸ ಹೋಗೋದು ಅಲ್ಲೇ.

ಇನ್ನು ಎತ್ತರ. ಲೇಹ್ ಊರು ಸುಮಾರು 3,500 ಮೀಟರ್. ಬೆಂಗಳೂರಿಂದ ವಿಮಾನದಲ್ಲಿ ಹೋದರೆ ಮೈ ಒಗ್ಗೋಕೆ ಅವಕಾಶವೇ ಇರೋದಿಲ್ಲ. ಹಬ್ಬ ಶನಿವಾರ-ಭಾನುವಾರ ಅಂತಿಟ್ಟುಕೊಳ್ಳಿ, ಬುಧವಾರ ಬೆಳಿಗ್ಗೆ ಲೇಹ್‌ನಲ್ಲಿ ಇಳಿದಿರಬೇಕು. ಬುಧವಾರ ಪೂರ್ತಿ ಹಾಸಿಗೆ, ಬಿಸಿನೀರು, ಸೂಪು. ಸ್ನಾನ ಬಿಟ್ಟರೂ ಪರವಾಗಿಲ್ಲ. ಗುರುವಾರ ಪೇಟೆಯಲ್ಲಿ ನಿಧಾನವಾಗಿ ಓಡಾಟ. ಶುಕ್ರವಾರ ಕಾರಲ್ಲಿ ಶೇ, ಥಿಕ್ಸೆ, ಹಾಗೇ ಹೆಮಿಸ್. ಹಿಂದಿನ ದಿನ ಹೆಮಿಸ್‌ಗೆ ಹೋಗಿ ಬರೋದರಿಂದ ಎರಡು ಲಾಭ. ಗೊಂಪಾದ ಮ್ಯೂಸಿಯಂ ಸಮಾಧಾನವಾಗಿ ನೋಡಬಹುದು, ಹಬ್ಬದ ದಿನ ಅಲ್ಲಿ ಕಾಲಿಡೋಕೂ ಆಗೋದಿಲ್ಲ. ಅಂಗಳದ ಯಾವ ಬದಿಗೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತೆ ಅನ್ನೋದೂ ಗೊತ್ತಾಗುತ್ತೆ. ಅದೃಷ್ಟ ಇದ್ದರೆ ಮುಖವಾಡ ಇಲ್ಲದೆ ತಾಲೀಮು ಮಾಡುವ ಲಾಮಾಗಳೂ ಕಣ್ಣಿಗೆ ಬೀಳಬಹುದು. ಆಗ ಹೆಜ್ಜೆ ಚೆನ್ನಾಗಿ ಅರ್ಥವಾಗುತ್ತೆ.

ಅಮ್ಮನ ವಿಷಯ: ಬಿಪಿ ಮಾತ್ರೆ ನಿಲ್ಲಿಸಬಾರದು. ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಎತ್ತರದ ತೊಂದರೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆ ಬಗ್ಗೆ ಕೇಳಿ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ಶುರು ಮಾಡಿಸ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಆಗದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಈಗಾಗಲೇ ನಡೀತಿದ್ದರೆ ಅದನ್ನು ಖಂಡಿತ ಹೇಳಿ, ಯಾಕೆಂದರೆ ಇದೂ ಅದೇ ಕೆಲಸ ಮಾಡುತ್ತೆ. ಮೊದಲ ದಿನದ ಸಣ್ಣ ತಲೆನೋವು, ಹಸಿವಿಲ್ಲದಿರೋದು ಬಹಳ ಜನಕ್ಕೆ ಬರುತ್ತೆ, ವಿಶ್ರಾಂತಿಯಲ್ಲಿ ಹೋಗುತ್ತೆ. ಸುಮ್ಮನೆ ಕೂತಾಗಲೂ ಏದುಸಿರು, ಗೊರಗೊರ ಕೆಮ್ಮು, ನಡೆಯುವಾಗ ತೂರಾಟ, ಮಾತಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಕಾಯದೆ ಲೇಹ್‌ನ ಸೋನಮ್ ನರ್ಬು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರಿಗೆ ಇದು ದಿನನಿತ್ಯದ ಚಿಕಿತ್ಸೆ.

ದಾರಿ: ಲೇಹ್‌ನಿಂದ ಮನಾಲಿ ರಸ್ತೆಯಲ್ಲಿ ಕಾರು ಎಂಬ ಊರಿನವರೆಗೆ ಸುಮಾರು 35 ಕಿ.ಮೀ., ಅಲ್ಲಿ ಸಿಂಧೂ ನದಿ ದಾಟಿ ಏಳೆಂಟು ಕಿ.ಮೀ. ಏರಿದರೆ ಹೆಮಿಸ್. ಬೇರೆ ದಿನ ಒಂದು ಗಂಟೆ ಸ್ವಲ್ಪ ಮೇಲೆ. ಹಬ್ಬದ ದಿನ ಕೊನೆಯ ಏರಿನಲ್ಲಿ ಗಾಡಿ ಸಾಲುಗಟ್ಟುತ್ತೆ. ಏಳಕ್ಕೇ ಹೊರಟುಬಿಡಿ. ಟ್ಯಾಕ್ಸಿ ದರ ಯೂನಿಯನ್ ನಿಗದಿ ಮಾಡಿದ್ದು, ಚೌಕಾಸಿಗೆ ಹೆಚ್ಚು ಜಾಗವಿಲ್ಲ. ಆದರೆ ಶೇ-ಥಿಕ್ಸೆ-ಹೆಮಿಸ್ ಸುತ್ತಾಟದ ದರದಲ್ಲಿ ಇಡೀ ದಿನ ಕಾಯೋದು ಸೇರಿರುತ್ತೆ ಅಂದುಕೊಳ್ಳಬೇಡಿ. "ಹಬ್ಬ ಮುಗಿಯುವವರೆಗೆ ಇರಬೇಕು" ಅಂತ ಹಿಂದಿನ ಸಂಜೆಯೇ ಮಾತಾಡಿ. ಹೆಮಿಸ್‌ಗೆ ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶದ ಪರವಾನಗಿ) ಬೇಡ. ಹಬ್ಬ ಮುಗಿದ ಮೇಲೆ ಅಮ್ಮ ಆರಾಮಿದ್ದು ನುಬ್ರಾ, ಪಾಂಗಾಂಗ್‌ಗೆ ಹೋಗೋದಾದರೆ ಈಗಿನ ನಿಯಮ ಏನು ಅಂತ ಲೇಹ್‌ನಲ್ಲಿ ಕೇಳಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಮೂವರಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ನಗದನ್ನು ಲೇಹ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಗಗ್ಗರ

ಯಾರು ಯಾರು ಅಂತ ಕೇಳಿದ್ದೀರಿ, ಸಂತೋಷ. ಇದನ್ನು ಕಾರ್ಯಕ್ರಮ ಅಂತ ನೋಡಲು ಹೋದವರು ಒಂದು ಗಂಟೆಯಲ್ಲಿ ಎದ್ದು ಬರ್ತಾರೆ. ಪೂಜೆ ಅಂತ ನೋಡಿದವರು ಸಂಜೆವರೆಗೆ ಕೂರ್ತಾರೆ. ಇಲ್ಲಿ ನೃತ್ಯ ಪೂಜೆಯ ಒಂದು ಅಂಗ ಅಷ್ಟೆ. ಅಂಗಳದಲ್ಲಿ ಮುಖವಾಡ ಕಾಣಿಸೋಕೆ ಮುಂಚೆಯೇ ಒಳಗೆ ದಿನಗಟ್ಟಲೆ ಪಠಣ ನಡೆದಿರುತ್ತೆ.

ಇದಕ್ಕೆ ಅವರು ಛಾಮ್ ಅನ್ನೋದು. ಕುಣಿಯುವವರು ಬಾಡಿಗೆ ಕಲಾವಿದರಲ್ಲ, ಅದೇ ಮಠದ ಲಾಮಾಗಳು. ಕರಾವಳಿಯವರಿಗೆ ಒಂದು ಮಾತು: ಕೋಲ ನೋಡಿ ಬೆಳೆದ ಕಣ್ಣು ಇಲ್ಲೂ ಆವೇಶ ಹುಡುಕುತ್ತೆ. ಛಾಮ್‌ನಲ್ಲಿ ಅದಿಲ್ಲ. ಕೋಲದಲ್ಲಿ ದೈವ ಮೈಮೇಲೆ ಬಂದು ನುಡಿ ಕೊಡುತ್ತೆ. ಛಾಮ್‌ನಲ್ಲಿ ಲಾಮಾ ತನ್ನನ್ನು ತಾನು ಆ ದೇವತೆಯಾಗಿ ಧ್ಯಾನದಲ್ಲಿ ಕಲ್ಪಿಸಿಕೊಂಡು, ಎಚ್ಚರ ಕಳೆದುಕೊಳ್ಳದೆ, ಎಣಿಸಿದ ಹೆಜ್ಜೆ ಹಾಕ್ತಾನೆ. ಮಾತಿಲ್ಲ, ನುಡಿಯಿಲ್ಲ. ಅದಕ್ಕೇ ಅಷ್ಟು ನಿಧಾನ. ಒಂದು ಕಾಲೆತ್ತಿ, ಹಾಗೇ ನಿಂತು, ದೇಹವನ್ನು ತಿರುಗಿಸಿ, ತಾಳ ಬಿದ್ದ ಮೇಲೆ ಇನ್ನೊಂದು ಕಾಲು. ವೇಗ ನೋಡಬೇಡಿ, ಆ ನಿಲ್ಲುವ ಕ್ಷಣ ನೋಡಿ. ಮಣಭಾರದ ಜರಿ ಉಡುಪು, ದಪ್ಪ ಬೂಟು ಹಾಕಿಕೊಂಡು 3,600 ಮೀಟರ್ ಎತ್ತರದಲ್ಲಿ ಒಂಟಿಕಾಲಲ್ಲಿ ತಿರುಗೋದು ಎಷ್ಟು ಕಷ್ಟ ಅಂತ ಆಗ ತಿಳಿಯುತ್ತೆ.

ಬೆಳಿಗ್ಗೆ ವಾದ್ಯದಿಂದ ಶುರು. ಆಳೆತ್ತರ ಮೀರಿದ ಕಹಳೆ ದುಂಗ್‌ಚೆನ್, ನಮ್ಮ ಮೌರಿಯ ಜಾತಿಯ ಗ್ಯಾಲಿಂಗ್, ಕೊಕ್ಕೆ ಕೋಲಿನಿಂದ ಬಾರಿಸುವ ಎರಡು ಮುಖದ ಡೋಲು, ದೊಡ್ಡ ತಾಳ. ತಾಳ ಹಿಡಿದ ಹಿರಿಯ ಲಾಮಾನೇ ಎಲ್ಲದರ ಸೂತ್ರಧಾರ, ಕುಣಿಯುವವರ ಕಿವಿ ಅವನ ಮೇಲಿರುತ್ತೆ. ಸ್ವಲ್ಪ ಹೊತ್ತು ನೀವೂ ಅವನ ಕೈಯನ್ನೇ ಗಮನಿಸಿ, ಹೆಜ್ಜೆಯ ಲೆಕ್ಕ ಹಿಡಿಯೋಕೆ ಅದಕ್ಕಿಂತ ಸುಲಭ ದಾರಿ ಇಲ್ಲ.

ಮೊದಲಿಗೆ ಬರುವವರಲ್ಲಿ ಕರಿಟೋಪಿಯವರು ಮುಖ್ಯ. ಇವರಿಗೆ ಮುಖವಾಡವೇ ಇರೋದಿಲ್ಲ. ಅಗಲ ಅಂಚಿನ ಕಪ್ಪು ಟೋಪಿ, ನೆಲ ಮುಟ್ಟುವಷ್ಟು ಅಗಲದ ತೋಳು, ಸೊಂಟದ ಮುಂದೆ ಉಗ್ರಮುಖದ ಹೊದಿಕೆ. ಅಂಗಳವನ್ನು ಶುದ್ಧಿ ಮಾಡಿ, ಕೆಡುಕನ್ನು ಹೊರಗಿಟ್ಟು, ಗಡಿ ಹಾಕೋದು ಅವರ ಕೆಲಸ. ಆ ತೋಳಿಗೂ ಒಂದು ಕಥೆ ಇದೆ: 842ರಲ್ಲಿ ಬೌದ್ಧರನ್ನು ಹಿಂಸಿಸುತ್ತಿದ್ದ ಟಿಬೆಟ್ಟಿನ ದೊರೆ ಲಾಂಗ್‌ದರ್ಮನನ್ನು ಲಾಲುಂಗ್ ಪೆಲ್ಗಿ ದೋರ್ಜೆ ಎಂಬ ಸನ್ಯಾಸಿ ಇಂಥ ತೋಳಿನೊಳಗೆ ಬಿಲ್ಲು ಬಾಣ ಅಡಗಿಸಿಕೊಂಡು ಕುಣಿಯುತ್ತ ಹೋಗಿ ಕೊಂದ ಅನ್ನೋದು ಪರಂಪರೆಯ ನಂಬಿಕೆ.

ಆಮೇಲೆ ಮೊದಲ ದಿನದ ಹೃದಯಭಾಗ. ಹೆಮಿಸ್ ದ್ರುಕ್ಪಾ ಕಗ್ಯು ಪಂಥದ ಮಠ, ಈ ಹಬ್ಬ ಟಿಬೆಟ್ಟಿಗೆ ತಾಂತ್ರಿಕ ಬೌದ್ಧಧರ್ಮ ತಂದ ಗುರು ಪದ್ಮಸಂಭವನ ಜನ್ಮದಿನಕ್ಕೆ ಸೇರಿದ್ದು. ದೊಡ್ಡ, ಶಾಂತವಾದ ಹೊಂಬಣ್ಣದ ಮುಖವಾಡ ಧರಿಸಿ, ತಲೆ ಮೇಲೆ ರೇಷ್ಮೆ ಛತ್ರಿ ಹಿಡಿಸಿಕೊಂಡು ಬರುವವನೇ ಗುರು. ಅವನ ಎಂಟು ರೂಪಗಳು ಜೊತೆಗೆ ಬಂದು ಕೂತು, ಒಂದೊಂದೇ ಎದ್ದು ಕುಣಿಯುತ್ತವೆ. ಎಲ್ಲವನ್ನೂ ಗುರುತಿಸಲೇಬೇಕೆಂದಿಲ್ಲ. ಮೂರನ್ನು ಹಿಡಿದುಕೊಳ್ಳಿ, ಉಳಿದವು ತಾನಾಗಿ ಬೇರೆಯಾಗಿ ಕಾಣುತ್ತವೆ: ನೀಲಿ ಜಡೆಗಂಟಿನ ಬುದ್ಧನ ಮುಖದವನು ಶಾಕ್ಯ ಸೆಂಗೆ, ಕಡುನೀಲಿ ಉಗ್ರನು ಸೆಂಗೆ ದ್ರಾದೊಕ್, ಕೆಂಗಂದು ಬಣ್ಣದ, ಕೋರೆಹಲ್ಲಿನ ಉಗ್ರನು ದೋರ್ಜೆ ದ್ರೋಲೊ. ಗುರು ಬಂದಾಗ ಸುತ್ತಲಿನ ಲಡಾಖಿ ಅಜ್ಜಿಯರ ಕೈಗಳನ್ನೂ ನೋಡಿ, ಜಪದ ಚಕ್ರ ತಿರುಗಿಸುತ್ತಿದ್ದವರು ಅದನ್ನು ನಿಲ್ಲಿಸಿ ಕೈಮುಗೀತಾರೆ. ಅವರಿಗೆ ಎದುರಿಗಿರೋದು ವೇಷವಲ್ಲ.

ನಡುನಡುವೆ ಅಸ್ಥಿಪಂಜರದ ವೇಷದವರು ನುಗ್ತಾರೆ. ಅವರು ದೆವ್ವಗಳಲ್ಲ, ಸ್ಮಶಾನ ಕಾಯುವವರು, ಧರ್ಮದ ಕಡೆಯವರು. ದಪ್ಪ ಕೆನ್ನೆ, ನಗುಮುಖದ ಹಶಾಂಗ್ ಮಕ್ಕಳ ವೇಷದವರೊಂದಿಗೆ ಬಂದು ನಗಿಸ್ತಾನೆ. ಸಾರಂಗದ ತಲೆ, ಕೋಣದ ತಲೆಯ ಧರ್ಮಪಾಲರೂ ಇದ್ದಾರೆ. ಕ್ರಮ ವರ್ಷದಿಂದ ವರ್ಷಕ್ಕೆ ಕೊಂಚ ಆಚೀಚೆಯಾಗುತ್ತೆ, ಕಾಗದ ಹಿಡಿದುಕೊಂಡು ಟಿಕ್ ಹಾಕುತ್ತ ಕೂರಬೇಡಿ.

ಎರಡು ದಿನ ಯಾಕೆ ಬೇಕು ಅಂದರೆ, ಪೂಜೆಯ ತರ್ಕ ಪೂರ್ತಿಯಾಗೋದು ಕೊನೆಯಲ್ಲಿ. ಹುರಿದ ಬಾರ್ಲಿ ಹಿಟ್ಟಿನಲ್ಲಿ ಮಾಡಿದ ಒಂದು ಮನುಷ್ಯಾಕಾರದ ಬೊಂಬೆಯನ್ನು ಅಂಗಳದ ನಡುವೆ ಇಡ್ತಾರೆ. ಅದಕ್ಕೆ ಲಿಂಗ ಅಂತಲೇ ಹೆಸರು. ನಮ್ಮ ಶಿವಲಿಂಗಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಅಹಂಕಾರ, ಅಜ್ಞಾನ, ಊರಿಗೆ ಅಂಟಿದ ಕೆಡುಕನ್ನೆಲ್ಲ ಮಂತ್ರದಿಂದ ಅದರೊಳಗೆ ಎಳೆದು ಕೂಡಿಸಿರ್ತಾರೆ. ಮೂರು ಅಲಗಿನ ಫುರ್ಬಾ ಕಠಾರಿಯಿಂದ ಇರಿದು, ಕತ್ತಿಯಿಂದ ತುಂಡು ಮಾಡಿ, ದಿಕ್ಕು ದಿಕ್ಕಿಗೆ ಎಸೀತಾರೆ. ಆ ಕೆಡುಕಿಗೂ ಬಿಡುಗಡೆ ಕೊಟ್ಟಂತೆ ಅನ್ನೋದು ಅವರ ಭಾವನೆ. ಅರ್ಧ ದಿನದ ಪ್ಯಾಕೇಜಿನವರು ಗಾಡಿ ಹತ್ತಿ ಹೋದ ಮೇಲೆ ಇದು ನಡೆಯೋದು.

ಕೆಲಗೇರಿ

ಕೂಡೋ ವಿಚಾರ ನಾ ಹೇಳ್ತೀನಿ ನೋಡ್ರಿ. ಕುಣಿತ ಹತ್ತರ ಸುಮಾರಿಗೆ ಚಾಲೂ ಆದ್ರೂ, ನೀವು ಎಂಟೂವರೆ ಒಳಗ ಅಂಗಳದಾಗ ಇರಬೇಕು. ಮುಂದಿನ ಗಾದಿ ಹಾಕಿದ ಜಾಗ ರಿನ್ಪೋಚೆ (ಮಠದ ಪೂಜ್ಯ ಗುರು), ಹಿರಿಯ ಲಾಮಾ, ಅತಿಥಿಗಳದ್ದು. ಖಾಲಿ ಕಂಡ್ರೂ ಅಲ್ಲಿ ಕೂಡಬ್ಯಾಡ್ರಿ. ದುಖಾಂಗ ಅಂದ್ರ ಮಠದ ಪೂಜಾ ಸಭಾಂಗಣ, ಅದರ ಮೆಟ್ಟಿಲಿಂದ ವೇಷದವರು ಇಳೀತಾರ, ಅದರ ಎದುರಿನ ಪಟ್ಟಿ ಪೂರಾ ಬಿಟ್ಟಿರಬೇಕು. ನಿಮಗ ಛಲೋ ಜಾಗ ಅಂದ್ರ ಮೆಟ್ಟಿಲಿಗೆ ಓರೆಯಾಗಿ, ಗ್ವಾಡಿಗೆ ಬೆನ್ನ ಕೊಟ್ಟು ನೆಲದ ಮ್ಯಾಲೆ. ತಾಯಿಯವರಿಗೆ ಮಂಡಿ ನೋವು ಅಂದ್ರಲ್ಲ, ನಾಕು ತಾಸು ಚಕ್ಕಳಮಕ್ಕಳ ಆಗೂದಿಲ್ಲ. ಮಡಚೋ ಸಣ್ಣ ಸ್ಟೂಲ್ ಒಯ್ಯಿರಿ, ಆದ್ರ ಹಿಂದಿನ ಸಾಲಿನ್ಯಾಗ, ಗ್ವಾಡಿ ಪಕ್ಕಕ್ಕ ಹಾಕ್ರಿ. ಮುಂದ ಹಾಕಿದ್ರ ಹಿಂದಿನ ಅಜ್ಜಿಗಳಿಗೆ ಏನೂ ಕಾಣೂದಿಲ್ಲ. ಕಾಲ ಚಾಚಿದ್ರೂ ಲಾಮಾಗಳ ಕಡೆ, ಪೂಜಾ ಮೇಜಿನ ಕಡೆ ಪಾದ ಮಾಡಬಾರದು.

ಮಹಡಿ ಮ್ಯಾಲಿಂದ ಸುತ್ತಿನ ವಿನ್ಯಾಸ ಭಾಳ ಚಂದ ಕಾಣಸ್ತದ, ನಡುವಿನ ಧ್ವಜಕಂಬಕ್ಕ ಬಲಗಡೆಯಿಂದ ಹೆಂಗ ಸುತ್ತು ಬರ್ತಾರ ಅನ್ನೂದು ಅಲ್ಲಿಂದನ ತಿಳೀತದ. ಆದ್ರ ಛಾವಣಿ ಅಂಚಿನ್ಯಾಗ ನೂಕಾಟ ಇರ್ತದ, ತಾಯಿಯವರನ್ನ ಒಯ್ಯಬ್ಯಾಡ್ರಿ. ನೀವು ಅಕ್ಕ-ತಂಗಿ ಒಬ್ಬರಾದ ಮ್ಯಾಲೊಬ್ಬರು ಹೋಗಿ ಬರ್ರಿ. ಮೂವರೂ ಒಮ್ಮೆಲೆ ಎದ್ರ ಜಾಗ ಹೋತು ಅಂತನ ತಿಳೀರಿ. ಮಧ್ಯಾಹ್ನ ಬಿಡುವಿನ್ಯಾಗೂ ಹಂಗ ಮಾಡ್ರಿ. ಹೊರಗ ಅಂಗಡಿ ಸಾಲಿನ್ಯಾಗ ಥುಕ್ಪಾ, ಮೊಮೊ, ಚಾ ಎಲ್ಲಾ ಸಿಗತದ. ಸಂಡಾಸ ಮಣ್ಣು ಹಾಕೋ ಒಣ ಪದ್ಧತಿದು, ನೀರ ಇರೂದಿಲ್ಲ. ಟಿಶ್ಯೂ ಇಟ್ಕೋರಿ.

ಬಿಸಲು ಕಡಿಮಿ ಅನಸ್ತದ, ಗಾಳಿ ತಂಪ ಇರ್ತದ. ಆದ್ರ ಚರ್ಮ ಸುಟ್ಟು ಸುಲೀತದ. ಸನ್‌ಸ್ಕ್ರೀನ್, ಕಪ್ಪು ಚಸ್ಮಾ, ಅಗಲ ಅಲ್ಲದ ಟೊಪ್ಪಿಗಿ, ತಲಾ ಎರಡು ಲೀಟರ್ ನೀರು. ಮೋಡ ಮುಚ್ಚಿದ್ರ ಹತ್ತು ನಿಮಿಷದಾಗ ಥಂಡಿ ಹೊಡೀತದ, ಸ್ವೆಟರ್ ಕೈಗೆ ಸಿಗೂ ಹಂಗ ಇರಲಿ.

ಶರಾವತಿ ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಪ್ಯಾಕೇಜ್ ಕೈಬಿಟ್ಟೆವು. ತಂಗಿ ಕ್ಯಾಮೆರಾ ಒಯ್ತಾಳೆ, ಅವಳಿಗೆ 70-200 ಲೆನ್ಸ್ ಇದೆ. ನನ್ನದು ಫೋನ್ ಮಾತ್ರ. ಇನ್ನೊಂದು: ದೊಡ್ಡ ಥಂಕಾ (ಬಟ್ಟೆಯ ಮೇಲಿನ ಪೂಜಾ ಚಿತ್ರಪಟ) ಬಿಚ್ಚಿ ತೋರಿಸ್ತಾರೆ ಅಂತ ಕೇಳಿದ್ದೆ, ಅದು ಪ್ರತಿವರ್ಷ ಇರುತ್ತಾ?

ಬೆಳಕಿಂಡಿ

ಥಂಕಾದ ಬಗ್ಗೆ ಮೊದಲು. ಮುತ್ತು, ರತ್ನ ಹೊಲಿದ ಆ ಮಹಾ ಥಂಕಾ ಹೊರಬರೋದು ಹನ್ನೆರಡು ವರ್ಷಕ್ಕೊಮ್ಮೆ, ಟಿಬೆಟನ್ ಚಕ್ರದ ಕೋತಿ ವರ್ಷದಲ್ಲಿ. 2004, 2016 ಆಯಿತು, ಮುಂದಿನದು 2028. ಆ ವರ್ಷ ಜನಸಂದಣಿ ಹಲವು ಪಟ್ಟು. ಅಮ್ಮನ ಜೊತೆ ನೆಮ್ಮದಿಯಾಗಿ ಕೂತು ನೋಡಬೇಕು ಅನ್ನೋದಾದರೆ ಸಾಮಾನ್ಯ ವರ್ಷವೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಫೋಟೋ: ಫ್ಲಾಶ್ ಬೇಡ, ಟ್ರೈಪಾಡ್ ಬೇಡ, ಡ್ರೋನ್ ಅಂತೂ ಪರವಾನಗಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಫ್ಲಾಶ್ ಯಾಕೆ ಬೇಡ ಅನ್ನೋಕೆ ಶಿಷ್ಟಾಚಾರದ ಜೊತೆ ಇನ್ನೊಂದು ಕಾರಣವಿದೆ. ಮುಖವಾಡ ತಲೆಗಿಂತ ಎಷ್ಟೋ ದೊಡ್ಡದು, ಕಾಗದದ ಮುದ್ದೆ, ಬಟ್ಟೆ, ಮರ ಅಥವಾ ತಾಮ್ರದಲ್ಲಿ ಮಾಡಿದ್ದು. ಒಳಗೆ ತಲೆಗೆ ಬಟ್ಟೆ ಸುತ್ತಿ ಅದರ ಮೇಲೆ ಕಟ್ಟಿರ್ತಾರೆ. ಬಹಳಷ್ಟರಲ್ಲಿ ಕುಣಿಯುವವರು ಹೊರಗೆ ನೋಡೋದು ಮುಖವಾಡದ ಕಣ್ಣಿನಿಂದಲ್ಲ, ತೆರೆದ ಬಾಯಿಯ ಕಿಂಡಿಯಿಂದ. ಪಕ್ಕದ್ದು, ಕಾಲಬುಡದ್ದು ಕಾಣೋದೇ ಇಲ್ಲ. ಫೋಟೋಗೆಂದು ಒಂದು ಹೆಜ್ಜೆ ವೃತ್ತದೊಳಗೆ ಇಟ್ಟವರಿಗೆ ಅವರು ಡಿಕ್ಕಿ ಹೊಡೆದು ಇಬ್ಬರೂ ಬೀಳೋದು ಹೀಗೇ. ಕೋಲು, ಚಾಟಿ ಹಿಡಿದು ಓಡಾಡುವವರು ಜನರನ್ನು ಹಿಂದೆ ಸರಿಸಿದಾಗ ಸುಮ್ಮನೆ ಸರಿಯಿರಿ, ಅವರು ಕುಣಿಯುವವರ ಕಣ್ಣಾಗಿ ಕೆಲಸ ಮಾಡ್ತಿರ್ತಾರೆ.

70-200 ಸಾಕಷ್ಟೇ ಅಲ್ಲ, ಅದೊಂದೇ ಸಾಕು. ಅಂಗಳದಲ್ಲಿ ಧೂಳು ವಿಪರೀತ, ಲೆನ್ಸ್ ಬದಲಾಯಿಸೋಕೆ ಹೋದರೆ ಸೆನ್ಸರ್ ಮೇಲೆ ಕೂರುತ್ತೆ. ಹನ್ನೊಂದರಿಂದ ಎರಡರವರೆಗೆ ಬಿಸಿಲು ನೆತ್ತಿ ಮೇಲಿಂದ ಬೀಳುತ್ತೆ. ಹೊಂಬಣ್ಣದ ಮುಖವಾಡದ ಹಣೆ, ಕೆನ್ನೆ ಬೆಳ್ಳಗೆ ಸುಟ್ಟುಹೋಗುತ್ತೆ, ಕಣ್ಣಿನ ಗುಳಿ ಕಪ್ಪಾಗುತ್ತೆ. ಎಕ್ಸ್‌ಪೋಷರನ್ನು ಮೂರನೇ ಎರಡರಿಂದ ಒಂದು ಸ್ಟಾಪ್ ಇಳಿಸಿಕೊಂಡು, ರಾ ಫೈಲಿನಲ್ಲಿ ತೆಗೆದರೆ ನೆರಳನ್ನು ಆಮೇಲೆ ಎತ್ತಬಹುದು. ಜಿಗಿತ ಹಿಡಿಯೋಕೆ 1/500 ಸೆಕೆಂಡು. ಕರಿಟೋಪಿಯವರ ತೋಳು ಗಾಳಿಯಲ್ಲಿ ಸುತ್ತೋದು ಕಾಣಬೇಕಿದ್ದರೆ 1/60ಕ್ಕೆ ಇಳಿಸಿ, ಮುಖವನ್ನು ಹಿಂಬಾಲಿಸುತ್ತ ಒತ್ತಿ. ಹತ್ತರಲ್ಲಿ ಒಂಬತ್ತು ಹಾಳಾಗುತ್ತೆ, ಉಳಿದ ಒಂದು ಆ ನೃತ್ಯದಂತೆಯೇ ಇರುತ್ತೆ. ಫೋನಲ್ಲಿ ಮುಖವಾಡದ ಮೇಲೆ ಬೆರಳೊತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಇಲ್ಲದಿದ್ದರೆ ಹಿಂದಿನ ಬಿಳಿ ಗೋಡೆ ನೋಡಿ ಎಲ್ಲವನ್ನೂ ಕಪ್ಪು ಮಾಡುತ್ತೆ.

ವೇಷ ಕಟ್ಟುವ ಕೋಣೆಗೆ ಇಣುಕಬೇಡಿ. ದುಖಾಂಗದೊಳಗೆ ಕೇಳದೆ ತೆಗೆಯಬೇಡಿ. ಪೆರಕ್ (ವೈಡೂರ್ಯದಂಥ ನೀಲಿ ಕಲ್ಲು ಹೊಲಿದ ಲಡಾಖಿ ತಲೆಯುಡುಗೆ) ತೊಟ್ಟ ಹೆಂಗಸರ ಮುಖಕ್ಕೆ ಲೆನ್ಸ್ ಹಿಡಿಯೋಕೆ ಮೊದಲು "ಜುಲೇ" (ನಮಸ್ಕಾರ) ಅಂದು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ತಂಗಿಗೆ ಇನ್ನೊಂದು ಸಲಹೆ: ಮೊದಲ ದಿನ ತೆಗೆಯಲಿ, ಎರಡನೇ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ.

ಕಾವೇರಿ ಬಯಲು

ಎಲ್ಲರೂ ಲಡಾಖ್ ಅಂತಿದ್ದೀರಿ, ಸರಿ. ಆದರೆ ಹೋಗೋಕೆ ಮೊದಲು ಬೈಲುಕುಪ್ಪೆಗೆ ಒಮ್ಮೆ ಹೋಗಿ ಬನ್ನಿ. 1960ರ ದಶಕದ ಶುರುವಿನಿಂದ ಟಿಬೆಟನ್ನರು ನೆಲೆಸಿರುವ ಊರು, ಮೈಸೂರಿಂದ 80 ಕಿ.ಮೀ. ಚಿಲ್ಲರೆ, ಕುಶಾಲನಗರದ ಪಕ್ಕದಲ್ಲೇ. ಅಲ್ಲಿನ ನಾಮ್‌ಡ್ರೋಲಿಂಗ್ ಮಠವನ್ನು 1963ರಲ್ಲಿ ಪೆನೋರ್ ರಿನ್ಪೋಚೆ ಸ್ಥಾಪಿಸಿದ್ದು. ಎಲ್ಲರೂ ಗೋಲ್ಡನ್ ಟೆಂಪಲ್ ಅಂತಾರಲ್ಲ, ಅದೇ. ಒಳಗೆ ನಡುವಿನ ಬುದ್ಧ 60 ಅಡಿ, ಅಕ್ಕಪಕ್ಕದ ಪದ್ಮಸಂಭವ ಮತ್ತು ಅಮಿತಾಯು ತಲಾ 58 ಅಡಿ. ಆ ಪದ್ಮಸಂಭವನ ಮುಖವನ್ನು, ತುದಿ ಮಡಿಚಿದ ಟೋಪಿಯನ್ನು, ತೆಳು ಮೀಸೆಯನ್ನು ಸರಿಯಾಗಿ ನೋಡಿಕೊಂಡರೆ ಹೆಮಿಸ್ ಅಂಗಳದಲ್ಲಿ ಗುರುವನ್ನು ಗುರುತಿಸೋಕೆ ಯಾರ ಸಹಾಯವೂ ಬೇಡ.

ಛಾಮ್ ಕೂಡ ಇಲ್ಲಿ ಇದೆ. ಲೋಸರ್, ಅಂದರೆ ಅವರ ಹೊಸ ವರ್ಷಕ್ಕೆ ಒಂದೆರಡು ದಿನ ಮುಂಚೆ ಗುತೋರ್ ಪೂಜೆ ಬರುತ್ತೆ. ಹಳೇ ವರ್ಷದ ಕೆಡುಕನ್ನು ಕಳಿಸಿಕೊಡುವ ಪೂಜೆ ಅದು, ಆಗ ಲಾಮಾ ನೃತ್ಯ ಇರುತ್ತೆ. ಲೋಸರ್ 2025ರಲ್ಲಿ ಫೆಬ್ರವರಿ 28, 2026ರಲ್ಲಿ ಫೆಬ್ರವರಿ 18, 2027ರಲ್ಲಿ ಫೆಬ್ರವರಿ 7. ಅದರಿಂದ ಹಿಂದಕ್ಕೆ ಎಣಿಸಿ, ಹೊರಡುವ ಮೊದಲು ಮಠದಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಎತ್ತರದ ತೊಂದರೆ ಇಲ್ಲ, ವಿಮಾನ ಇಲ್ಲ, ಅಮ್ಮನ ಮಂಡಿಗೂ ಆರಾಮ. ಮಧ್ಯಾಹ್ನ ಬಿಸಿಲು ಮಾತ್ರ ಚುರುಕು. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದರೆ ಅವರಿಗೆ ಇಲ್ಲಿ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ನಮಗೆ ಏನೂ ಬೇಡ.

ಹೆಮಿಸ್‌ನ ಕಲ್ಲು-ಮಣ್ಣಿನ ಅಂಗಳ, ಹಿಂದಿನ ಬೋಳು ಬೆಟ್ಟ ಇಲ್ಲಿ ಸಿಗೋದಿಲ್ಲ, ನಿಜ. ಆದರೆ ಹೆಜ್ಜೆ, ವಾದ್ಯ, ಶ್ರದ್ಧೆಯಲ್ಲಿ ಕಡಿಮೆ ಏನಿಲ್ಲ. ನೂರಾರು ಲಾಮಾಗಳ ಪಠಣ ಒಟ್ಟಿಗೆ ಕೇಳೋದಂತೂ ಇಲ್ಲೇ ಚೆನ್ನ.

ಹಿಮದ ದಾರಿ

ಕಾವೇರಿ ಬಯಲು ಅವರ ಸಲಹೆಗೆ ನನ್ನದೂ ಒಪ್ಪಿಗೆ. ಇನ್ನೊಂದು ಸೇರಿಸ್ತೀನಿ. ಜನಜಂಗುಳಿ ಬೇಡ ಅನ್ನುವವರಿಗೆ ಲಡಾಖಿನಲ್ಲೇ ಬೇರೆ ಹಬ್ಬಗಳಿವೆ. ಜೂನ್-ಜುಲೈನಲ್ಲಿ ಲಾಮಾಯೂರು, ಜುಲೈ-ಆಗಸ್ಟಿನಲ್ಲಿ ಫ್ಯಾಂಗ್, ತಕ್‌ಥೋಕ್, ಅಕ್ಟೋಬರ್-ನವೆಂಬರಿನಲ್ಲಿ ಥಿಕ್ಸೆ ಗುಸ್ತೋರ್. ಥಿಕ್ಸೆ ಲೇಹ್‌ನಿಂದ 19 ಕಿ.ಮೀ. ಅಷ್ಟೆ, ಆದರೆ ಅಂಗಳ ತಲುಪೋಕೆ ಮೆಟ್ಟಿಲು ಹತ್ತಬೇಕು.

ಗಗ್ಗರ

ಮಾಥೋ ನಾಗ್ರಾಂಗ್ ಬಿಟ್ಟಿರಿ. ಟಿಬೆಟನ್ ಮೊದಲ ತಿಂಗಳ ಹದಿನೈದರ ಸುಮಾರಿಗೆ, ಫೆಬ್ರವರಿ-ಮಾರ್ಚಿನಲ್ಲಿ ಬರುತ್ತೆ. ಲಡಾಖಿನ ಏಕೈಕ ಸಾಕ್ಯ ಪಂಥದ ಮಠ ಅದು. ನಾನು ಮೇಲೆ ಹೇಳಿದ ಮಾತಿಗೆ ಅಲ್ಲಿ ಅಪವಾದ ಇದೆ: ಛಾಮ್ ಜೊತೆಗೆ ಇಬ್ಬರು ಲಾಮಾಗಳ ಮೇಲೆ ರೋಂಗ್‌ತ್ಸಾನ್ ದೈವ ನಿಜವಾಗಿಯೂ ಬರುತ್ತೆ, ನುಡಿಯೂ ಆಗುತ್ತೆ. ಅದಕ್ಕಾಗಿ ಅವರು ತಿಂಗಳುಗಟ್ಟಲೆ ಏಕಾಂತದಲ್ಲಿ ಧ್ಯಾನ ಮಾಡಿರ್ತಾರೆ. ಕಣ್ಣು ಕಟ್ಟಿಕೊಂಡು ಮಠದ ಛಾವಣಿಯ ಅಂಚಿನಲ್ಲಿ ಓಡ್ತಾರೆ. ಅವರು ಹೊರಬಂದಾಗ ಫೋನ್, ಕ್ಯಾಮೆರಾ ಒಳಗಿಡಿ, ದಾರಿಗೆ ಅಡ್ಡ ನಿಲ್ಲಬೇಡಿ.

ಕೆಲಗೇರಿ

ಗಗ್ಗರ ಅವರ, ಮಾಥೋ ಖರೇನ ನೋಡೂ ಹಂಗದ, ಆದ್ರ 62 ವರ್ಷದ ತಾಯಿಯವರನ್ನ ಕರಕೊಂಡು ಮೊದಲನೇ ಸಲ ಹೋಗೋರಿಗೆ ಬ್ಯಾಡ. ಆವಾಗ ಲೇಹ್‌ದಾಗ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗ ಹೋಗೂದು ಮಾಮೂಲಿ. ನಳದ ನೀರು ಹೆಪ್ಪುಗಟ್ಟತದ, ಭಾಳ ಗೆಸ್ಟ್‌ಹೌಸು ಮುಚ್ಚಿರ್ತಾವ, ಹವಾ ಕೆಟ್ರ ವಿಮಾನ ಎರಡೆರಡು ದಿನ ರದ್ದಾಗ್ತಾವ. ಥಂಡಿ ಮತ್ತ ಎತ್ತರ ಕೂಡಿದ್ರ ಬಿಪಿ ಏರ್ತದ.

ಶರಾವತಿ ತೀರ

ಸರಿ, ಹೆಮಿಸ್‌ಗೇ ಹೋಗ್ತೀವಿ. ಅದಕ್ಕೂ ಮೊದಲು ಲೋಸರ್ ಹೊತ್ತಿಗೆ ಬೈಲುಕುಪ್ಪೆ. ಕೊನೆಯದಾಗಿ ಒಂದು. ಅಮ್ಮ ಬರಿಗೈಲಿ ಹೋಗಬಾರದು ಅಂತಿದ್ದಾರೆ. ಹೂವು, ಕಾಯಿ ಒಯ್ಯಬಹುದಾ?

ಗಗ್ಗರ

ಕಾಯಿ ಬೇಡ ಅಕ್ಕ, ಅಲ್ಲಿ ಒಡೆಯುವ ಪದ್ಧತಿ ಇಲ್ಲ. ಲೇಹ್ ಪೇಟೆಯಲ್ಲಿ ಬಿಳಿ ಖತಗ್ ಶಾಲು ಸಿಗುತ್ತೆ, ಒಂದು ತಗೊಳ್ಳಿ. ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ಅರ್ಪಿಸಬೇಕು. ಕುಣಿಯುವವರ ಹತ್ತಿರ ಹೋಗಿ ಕೊಡೋದಲ್ಲ. ಗುರುವಿನ ವೇಷ ಕೂತಿರುವಾಗ ಊರಿನವರು ಸಾಲು ಹಿಡಿದು ಖತಗ್ ಅರ್ಪಿಸುತ್ತಿದ್ದರೆ ಅವರ ಹಿಂದೆ ನಿಲ್ಲಿ, ಇಲ್ಲದಿದ್ದರೆ ದುಖಾಂಗದ ಪೂಜಾ ಮೇಜಿನ ಮುಂದೆ ಇಡಿ. ಬೆಣ್ಣೆ ದೀಪಕ್ಕೆ ಅಲ್ಲೇ ಹಣ ಕೊಟ್ಟರೆ ಅಮ್ಮನ ಕೈಯಿಂದಲೇ ಹಚ್ಚಿಸಬಹುದು. ಹಬ್ಬದ ದಿನ ನೂಕುನುಗ್ಗಲು ಇರುತ್ತೆ, ಹಾಗಾಗಿ ದೀಪ ಹಚ್ಚೋದನ್ನು ಹಿಂದಿನ ದಿನ, ಶುಕ್ರವಾರವೇ ಮುಗಿಸಿ.